ಆ ಕಲ್ಲು ಗುರಿ ತಪ್ಪಿದ್ದರೆ ಆರ್ಲೋ ಇರುತ್ತಿದ್ದನೇ?

ಪಿಕ್ಸರ್‌ನ 'ದಿ ಗುಡ್ ಡೈನೋಸಾರ್' (2015) ಶುರುವಾಗುವುದೇ ತಮಾಷೆಯಾಗಿ. ಭೂಮಿಯ ಕಡೆ ನುಗ್ಗಿ ಬಂದ ಕ್ಷುದ್ರಗ್ರಹ ಪಕ್ಕದಲ್ಲೇ ಸುಯ್ಯನೆ ಹಾದುಹೋಗುತ್ತದೆ. ಮೇಯುತ್ತಿದ್ದ ಡೈನೋಸಾರ್‌ಗಳು ತಲೆ ಎತ್ತಿ ನೋಡಿ ಮತ್ತೆ ಮೇಯುತ್ತವೆ. ಆಮೇಲೆ ನೋಡಿದರೆ ಆರ್ಲೋ ಅನ್ನುವ ಡೈನೋಸಾರ್ ಮರಿಯ ಮನೆಯವರು ಮೆಕ್ಕೆಜೋಳ ಬೆಳೆಯುತ್ತಿದ್ದಾರೆ, ಟಿ-ರೆಕ್ಸ್‌ಗಳು ದನ ಕಾಯುತ್ತಿವೆ, ಸ್ಪಾಟ್ ಅನ್ನುವ ಮನುಷ್ಯರ ಹುಡುಗ ನಾಯಿಮರಿಯ ಹಾಗೆ ಆರ್ಲೋನ ಹಿಂದೆ ಸುತ್ತುತ್ತಿದ್ದಾನೆ.

ಮಕ್ಕಳ ಜೊತೆ ಆರಾಮವಾಗಿ ನೋಡಬಹುದು. ಆದರೆ ಆರ್ಲೋ ಅಪಟೋಸಾರಸ್, ಅಲ್ವಾ? ಅವು ಇದ್ದದ್ದು ಸುಮಾರು 15 ಕೋಟಿ ವರ್ಷ ಹಿಂದೆ, ಡೈನೋಸಾರ್‌ಗಳನ್ನು ಅಳಿಸಿದ ಆ ಕ್ಷುದ್ರಗ್ರಹದ ಕಲ್ಲು ನಿಜವಾಗಿ ಬಿದ್ದದ್ದು 6.6 ಕೋಟಿ ವರ್ಷ ಹಿಂದೆ. ಅಂದರೆ ಕಲ್ಲು ಗುರಿ ತಪ್ಪಿದರೂ ಆರ್ಲೋಗೆ ಏನೂ ಲಾಭವಿಲ್ಲ, ಅವನ ಜಾತಿ ಆಗಲೇ ಮುಗಿದು 8 ಕೋಟಿ ವರ್ಷವಾಗಿತ್ತು. ಕಲ್ಲು ಬಿದ್ದಾಗ ಇದ್ದ ಟಿ-ರೆಕ್ಸ್‌ಗೆ ಕಾಲದಲ್ಲಿ ಆರ್ಲೋಗಿಂತ ನಾವೇ ಹತ್ತಿರ! 'ಡೈನೋಸಾರ್ ಕಾಲ' ಅಂತ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬುವ ಅಭ್ಯಾಸ ನನಗೆ ಕಿರಿಕಿರಿ. ದೊಡ್ಡವರೂ ಹಾಗೇ ಮಾಡುತ್ತಾರೆ.

ಇನ್ನೊಂದು ಕಿರಿಕಿರಿ, 'ದಡ್ಡ ಪ್ರಾಣಿಗಳು, ಅದಕ್ಕೇ ಅಳಿದವು' ಅನ್ನುವ ಮಾತು. ಅವುಗಳದ್ದು ಸುಮ್ನೆ ಕೆಟ್ಟ ಅದೃಷ್ಟ. ಕಲ್ಲು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿ ಬಿತ್ತು ಅನ್ನುವುದೇ ಇಲ್ಲಿ ಮಜಾ. ಸುಮಾರು 10 ಕಿಲೋಮೀಟರ್ ಅಗಲದ ಕಲ್ಲು ಮೆಕ್ಸಿಕೋದ ಯುಕಟಾನ್ ಹತ್ತಿರ, ಚಿಕ್ಸುಲುಬ್‌ನಲ್ಲಿ, ಆಳವಿಲ್ಲದ ಸಮುದ್ರಕ್ಕೆ ಬಿತ್ತು. ಸುಮಾರು 180 ಕಿಲೋಮೀಟರ್ ಅಗಲದ ಕುಳಿ ಆಯಿತು. ಗಟ್ಟಿ ಬಂಡೆಗೆ ಕಲ್ಲು ಎಸೆಯುವುದೇ ಬೇರೆ, ಬೂದಿಗುಂಡಿಗೆ ಎಸೆಯುವುದೇ ಬೇರೆ. ಅಲ್ಲಿನ ನೆಲದಲ್ಲಿ ಗಂಧಕ ತುಂಬಿದ ಜಿಪ್ಸಮ್‌ನಂಥ ಕಲ್ಲಿತ್ತು. ಅದು ಆವಿಯಾಗಿ ಮೇಲೆದ್ದು ನೀರಿನ ಆವಿಯ ಜೊತೆ ಸೇರಿ ಸಣ್ಣ ಸಣ್ಣ ಹನಿಗಳಾಗಿ ಸೂರ್ಯನ ಬೆಳಕನ್ನು ವಾಪಸ್ ಅಟ್ಟಿತು. 2016ರಲ್ಲಿ ಆ ಕುಳಿಯೊಳಗೆ ಕೊರೆದು ತೆಗೆದ ಕಲ್ಲುಗಳಲ್ಲಿ ಜಿಪ್ಸಮ್ ಹೆಚ್ಚುಕಡಿಮೆ ಇರಲೇ ಇಲ್ಲ. ಇನ್ನೆಲ್ಲಿ ಹೋಗುತ್ತದೆ, ಮೇಲಕ್ಕೇ ಹೋಗಿತ್ತು. ಜೊತೆಗೆ ಧೂಳು, ಮಸಿ. ಬೆಳಕಿಲ್ಲ, ಚಳಿ. ಗಿಡ ಸತ್ತಿತು, ಗಿಡ ತಿನ್ನುವವು ಸತ್ತವು, ಅವನ್ನು ತಿನ್ನುವವೂ ಸತ್ತವು. ಇಂಥ ನಾಶ ಆಗಬೇಕಾದರೆ ಭೂಮಿಯ ಮೇಲ್ಮೈಯ ಸುಮಾರು 13% ಜಾಗದಲ್ಲೇ ಕಲ್ಲು ಬೀಳಬೇಕಿತ್ತು ಎಂದು 2017ರಲ್ಲಿ ಜಪಾನಿನ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆಳವಾದ ಸಾಗರಕ್ಕೆ ಬಿದ್ದಿದ್ದರೆ ಕಥೆಯೇ ಬೇರೆ.

ಕಲ್ಲಿನ ಸುಳಿವು ಸಿಕ್ಕಿದ್ದು ಇಟಲಿಯ ಗುಬ್ಬಿಯೋದಲ್ಲಿ, ತೆಳ್ಳನೆಯ ಜೇಡಿಮಣ್ಣಿನ ಪದರದಲ್ಲಿ. ನೆಲದಲ್ಲಿ ಅಪರೂಪವಾದ, ಆದರೆ ಆಕಾಶದಿಂದ ಬೀಳುವ ಕಲ್ಲುಗಳಲ್ಲಿ ಹೆಚ್ಚಿರುವ ಇರಿಡಿಯಂ ಅನ್ನುವ ಲೋಹ ಅಲ್ಲಿ ಜಾಸ್ತಿ ಇತ್ತು. 1980ರಲ್ಲಿ ಲೂಯಿಸ್ ಮತ್ತು ವಾಲ್ಟರ್ ಆಲ್ವರೆಜ್, ಅಪ್ಪ ಮಗ, ಇಬ್ಬರು ರಸಾಯನ ವಿಜ್ಞಾನಿಗಳ ಜೊತೆ ಇದನ್ನು ಪ್ರಕಟಿಸಿದರು. ನಮ್ಮ ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕಪ್ಪು ಕಲ್ಲೂ ಅದೇ ಕಾಲದ ಲಾವಾ. ದಖನ್‌ನಲ್ಲಿ ಆ ಲಾವಾ ಉಕ್ಕುವುದು, ಕ್ಷುದ್ರಗ್ರಹ ಬೀಳುವ ಮೊದಲೇ ಶುರುವಾಗಿ ಆಮೇಲೂ ನಡೆದಿತ್ತು. ಅಳಿವಿನಲ್ಲಿ ಅದರ ಪಾಲೆಷ್ಟು ಅನ್ನುವ ಜಗಳ ಇನ್ನೂ ನಿಂತಿಲ್ಲ.

ಹಾಗಾದರೆ ಸ್ಪಾಟ್? ಅವನೇ ದೊಡ್ಡ ಅನುಮಾನ. ಆಗಿನ ಸಸ್ತನಿಗಳು ಹೆಚ್ಚಿನವು ಇಲಿ, ಹೆಗ್ಗಣದ ಗಾತ್ರದವು. ದೊಡ್ಡ ಡೈನೋಸಾರ್‌ಗಳು ಜಾಗ ಖಾಲಿ ಮಾಡಿದ ಮೇಲೆಯೇ ಅವು ದೊಡ್ಡದಾಗಿ ಬೆಳೆದದ್ದು. ಕಲ್ಲು ತಪ್ಪಿದ್ದರೆ ಸ್ಪಾಟ್ ಹುಟ್ಟುವ ದಾರಿಯೇ ಕಾಣುವುದಿಲ್ಲ.

ಒಂದು ವಿಷಯಕ್ಕೆ ಚಿತ್ರಕ್ಕೆ ಶಹಬ್ಬಾಸ್: ದನ ಕದಿಯುವ ರಾಪ್ಟರ್‌ಗಳಿಗೆ (ಬೇಟೆಯಾಡುವ ಡೈನೋಸಾರ್‌ಗಳು) ಗರಿ ಇದೆ. ಹಕ್ಕಿಗಳು ಅವುಗಳ ಹತ್ತಿರದ ಸಂಬಂಧಿಗಳು, ಕಲ್ಲು ಬಿದ್ದರೂ ಉಳಿದುಕೊಂಡ ಡೈನೋಸಾರ್‌ಗಳು. ಈಗ ಅವುಗಳ ಜಾತಿ ಸುಮಾರು 11,000, ನಮ್ಮ ಸಸ್ತನಿಗಳದ್ದು 6,500ರ ಆಸುಪಾಸು.