ಒಂದು ಜೀನ್ ಹುಡುಕಲು ಹೋಗಿ

ಆಟಿಸಂ ಇರುವ ಮಗುವಿನ ಜೀನ್ ಪರೀಕ್ಷೆಯ ವರದಿ ಕೈಗೆ ಬಂದಾಗ ತಂದೆತಾಯಿ ಮೊದಲು ನೋಡುವುದು ಒಂದನ್ನೇ: ಸಿಕ್ಕಿತೋ ಇಲ್ಲವೋ. ಎಷ್ಟೋ ಸಲ ಅಲ್ಲಿರುವುದು ಮೂರನೆಯ ಉತ್ತರ. ಒಂದು ಜೀನಿನ ಹೆಸರು, ಪಕ್ಕದಲ್ಲಿ ಅಂಕಿ-ಅಕ್ಷರ ಬೆರೆತ ಸಂಕೇತ, ಅದರ ಮುಂದೆ ‘ವೇರಿಯಂಟ್ ಆಫ್ ಅನ್‌ಸರ್ಟನ್ ಸಿಗ್ನಿಫಿಕೆನ್ಸ್’. ಬದಲಾವಣೆಯೊಂದು ಇದೆ, ಅದು ಏನಾದರೂ ಮಾಡಿದೆಯೇ ಎಂದು ಹೇಳಲಾರೆವು ಎಂದರ್ಥ. ಆಟಿಸಂಗೂ ಜೀನುಗಳಿಗೂ ನಂಟಿದೆ ಎಂಬುದು ಗೊತ್ತಾಗಿ ಅರ್ಧ ಶತಮಾನ ಸಂದಿದೆ. ಆದರೂ ವರದಿ ಹೀಗೇಕೆ ತಡವರಿಸುತ್ತದೆ?

‘ಆಟಿಸಂ’ ಎಂಬ ಪದ 1911ರಲ್ಲಿ ಹುಟ್ಟಿದ್ದು ಸ್ಕಿಝೋಫ್ರೇನಿಯಾದ ವಿವರಣೆಗಾಗಿ. ಮಕ್ಕಳ ಸ್ಥಿತಿಯೊಂದಕ್ಕೆ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು 1943ರಲ್ಲಿ, ಬಾಲ್ಟಿಮೋರ್‌ನ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಮೇಲೆ. (ಗ್ರುನ್ಯಾ ಸುಖರೇವಾ ಎಂಬ ಸೋವಿಯತ್ ವೈದ್ಯೆ ಇಂಥದೇ ಆರು ಹುಡುಗರನ್ನು 1920ರ ದಶಕದಲ್ಲೇ ವಿವರಿಸಿದ್ದರು. ಆ ಬರಹ ದಶಕಗಳ ಕಾಲ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ.) ಮುಂದಿನ ಎರಡು ದಶಕ ತಾಯಂದಿರ ಪಾಲಿಗೆ ಕೆಟ್ಟ ಕಾಲ. ತಾಯಿಯ ಮನಸ್ಸು ತಣ್ಣಗಿದ್ದರೆ ಮಗು ಒಳಗೊಳಗೇ ಮುದುಡಿಕೊಳ್ಳುತ್ತದೆ ಎಂಬ ಮಾತನ್ನು ಓದಿದವರೂ ನಂಬಿದರು. ಪುರಾವೆ ಇರಲಿಲ್ಲ, ಕೇಳಿದವರೂ ಕಡಿಮೆ.

ಆ ಮಾತಿಗೆ ದೊಡ್ಡ ಪೆಟ್ಟು ಕೊಟ್ಟದ್ದು 1977ರ ಒಂದು ಪುಟ್ಟ ಲೆಕ್ಕ. ಮನೋವೈದ್ಯರಾದ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನು ಹುಡುಕಿ ತೆಗೆದರು. ಪ್ರತಿ ಜೋಡಿಯಲ್ಲೂ ಒಬ್ಬರಿಗಾದರೂ ಆಟಿಸಂ ಇತ್ತು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಇತ್ತು. ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೆ ಇರಲಿಲ್ಲ. ಎರಡೂ ಬಗೆಯ ಅವಳಿಗಳು ಬೆಳೆದದ್ದು ಒಂದೇ ಮನೆಯಲ್ಲಿ, ಒಂದೇ ತಾಯಿಯ ಕೈಯಲ್ಲಿ. ವ್ಯತ್ಯಾಸ ಇದ್ದದ್ದು ಜೀನುಗಳಲ್ಲಿ.

2019ರಲ್ಲಿ ಐದು ದೇಶಗಳ 20 ಲಕ್ಷ ಮಕ್ಕಳ ದಾಖಲೆಗಳಿಂದ ಆನುವಂಶಿಕತೆಯ ಪಾಲು ಸುಮಾರು ಶೇ 80 ಎಂಬ ಅಂದಾಜು ಬಂತು. ಈ ಅಂಕಿಯನ್ನು ತಪ್ಪಾಗಿ ಓದುವವರೇ ಹೆಚ್ಚು. ಒಂದು ಮಗುವಿನ ಆಟಿಸಂನಲ್ಲಿ ಶೇ 80 ಜೀನಿನದು, ಮಿಕ್ಕದ್ದು ಇನ್ಯಾವುದರದೋ ಎಂದಲ್ಲ. ಇಡೀ ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಜೀನುಗಳ ವ್ಯತ್ಯಾಸಕ್ಕೆ ಎಷ್ಟು ಪಾಲು ಎಂಬ ಲೆಕ್ಕ ಅದು. ಯಾವ ಜೀನ್ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಆ ಪ್ರಶ್ನೆಗೆ ಮೊದಮೊದಲ ಗಟ್ಟಿ ಉತ್ತರಗಳಲ್ಲಿ ಒಂದು ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯಿಂದ ಬಂತು. ಅಲ್ಲಿನ ತಳಿವಿಜ್ಞಾನಿ ತೋಮಾ ಬೂರ್ಜರೋನ್ ಹಿಂದೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಕಾಯಿಲೆಗಳ ಮೇಲೆ ಕೆಲಸ ಮಾಡಿದವರು. 2003ರಲ್ಲಿ ಅವರ ತಂಡ ಸ್ವೀಡನ್ನಿನ ವೈದ್ಯ ಕ್ರಿಸ್ಟೋಫರ್ ಯಿಲ್‌ಬರ್ಗ್ ಜೊತೆ ಸೇರಿ ಎರಡು ಸ್ವೀಡಿಷ್ ಕುಟುಂಬಗಳ ವಿವರ ಪ್ರಕಟಿಸಿತು. ಪ್ರತಿ ಮನೆಯಲ್ಲೂ ಇಬ್ಬರು ಅಣ್ಣತಮ್ಮಂದಿರು, ಒಬ್ಬನಿಗೆ ಆಟಿಸಂ, ಇನ್ನೊಬ್ಬನಿಗೆ ಆಗ ಆಸ್ಪರ್ಗರ್ ಎಂದು ಕರೆಯುತ್ತಿದ್ದ, ಈಗ ಆಟಿಸಂನೊಳಗೇ ಸೇರಿಸುವ ಸ್ಥಿತಿ. ಎಕ್ಸ್ ವರ್ಣತಂತುವಿನ (ಗಂಡಿಗೆ ಅದು ಒಂದು, ಹೆಣ್ಣಿಗೆ ಎರಡು) ಮೇಲಿರುವ ನ್ಯೂರೋಲಿಜಿನ್ ಜೀನುಗಳಲ್ಲಿ, ಒಂದು ಮನೆಯಲ್ಲಿ ನ್ಯೂರೋಲಿಜಿನ್ 3ರಲ್ಲಿ, ಇನ್ನೊಂದರಲ್ಲಿ ನ್ಯೂರೋಲಿಜಿನ್ 4ರಲ್ಲಿ, ಬದಲಾವಣೆ ಸಿಕ್ಕಿತು.

ನ್ಯೂರೋಲಿಜಿನ್ ಏನು ಮಾಡುತ್ತದೆ ಎಂದು ತಿಳಿಯಲು ಅಂಗಿಯ ಗುಂಡಿ-ಕಾಜಾ ನೆನೆದರೆ ಸಾಕು. ಎರಡು ನರಕೋಶಗಳು ಸಂದೇಶ ದಾಟಿಸುವ ಜಾಗ ಸಿನಾಪ್ಸ್. ಕಳಿಸುವ ಕಡೆ ನ್ಯೂರೆಕ್ಸಿನ್, ಪಡೆಯುವ ಕಡೆ ನ್ಯೂರೋಲಿಜಿನ್, ಇವೆರಡೂ ನಡುವಿನ ಸಂದಿನಲ್ಲಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನ್ಯೂರೋಲಿಜಿನ್ 4ರ ಕುಟುಂಬದಲ್ಲಿ ಡಿಎನ್‌ಎಗೆ ಒಂದೇ ಒಂದು ಅಕ್ಷರ ಹೆಚ್ಚಿಗೆ ಸೇರಿಕೊಂಡಿತ್ತು. ಅಷ್ಟಕ್ಕೇ ಓದುವ ಲಯ ತಪ್ಪಿ ಪ್ರೋಟೀನ್ ಅರ್ಧಕ್ಕೇ ನಿಂತುಹೋಗುತ್ತಿತ್ತು. ಅದು ಮಕ್ಕಳಿಗೆ ಬಂದದ್ದು ತಾಯಿಯಿಂದ, ತಾಯಿಗೆ ಆಟಿಸಂ ಇರಲಿಲ್ಲ.

ನಾಲ್ಕು ವರ್ಷದ ನಂತರ ಇದೇ ತಂಡ ಸಿನಾಪ್ಸ್‌ನ ಇನ್ನೊಂದು ಮೆಟ್ಟಿಲು ಕೆಳಗಿಳಿಯಿತು. ಶ್ಯಾಂಕ್3 ಎಂಬ ಪ್ರೋಟೀನ್ ಪಡೆಯುವ ಕಡೆಯ ಪೊರೆಯ ಅಡಿಯಲ್ಲಿ ಅಟ್ಟಣಿಗೆಯ ಹಾಗೆ ನಿಂತು ಉಳಿದವುಗಳನ್ನು ಜಾಗದಲ್ಲಿ ಹಿಡಿದಿಡುತ್ತದೆ. ಆ 2007ರ ಪ್ರಬಂಧದಲ್ಲಿ ಒಂದು ಮನೆಯ ಕಥೆಯಿದೆ, ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಇಷ್ಟವಾದದ್ದು. ತಂದೆಯಲ್ಲಿ 14 ಮತ್ತು 22ನೇ ವರ್ಣತಂತುಗಳ ತುಣುಕುಗಳು ಅದಲುಬದಲಾಗಿದ್ದವು. ಒಟ್ಟು ಲೆಕ್ಕ ಸರಿಯಿದ್ದದ್ದರಿಂದ ಅವರಿಗೇನೂ ಆಗಲಿಲ್ಲ. ಮಕ್ಕಳಿಗೆ ಹಂಚಿಕೆಯಾಗುವಾಗ ಮಾತ್ರ ಲೆಕ್ಕ ತಪ್ಪಿತು. ಮಗಳಿಗೆ ಶ್ಯಾಂಕ್3 ಜೀನಿನ ಒಂದು ಪ್ರತಿ ಕಡಿಮೆ ಬಂತು, ಅವಳಿಗೆ ಆಟಿಸಂ, ಮಾತು ತೀರಾ ಹಿಂದೆ. ಮಗನಿಗೆ ಒಂದು ಪ್ರತಿ ಹೆಚ್ಚಿಗೆ ಬಂತು. ಅವನಿಗೆ ಆಸ್ಪರ್ಗರ್, ಮಾತು ವಯಸ್ಸಿಗೆ ಮೀರಿ ಬೇಗ ಬಂದಿತ್ತು, ಅದೂ ನಿರರ್ಗಳವಾಗಿ. ಒಂದೇ ಜೀನ್ ಕಡಿಮೆಯಾದರೆ ಒಂದು ಬಗೆ, ಹೆಚ್ಚಾದರೆ ಇನ್ನೊಂದು ಬಗೆ. ಅಡುಗೆಗೆ ಉಪ್ಪಿದ್ದಂತೆ.

ಪತ್ರಿಕೆಗಳ ತಲೆಬರಹಕ್ಕೆ ಇಷ್ಟು ಸಾಕಾಯಿತು: ‘ಆಟಿಸಂ ಜೀನ್ ಪತ್ತೆ’. ಆಟಿಸಂ ಇರುವ ನೂರು ಜನರನ್ನು ತೆಗೆದುಕೊಂಡರೆ ಶ್ಯಾಂಕ್3ರಲ್ಲಿ ದೋಷವಿರುವವರು ಹೆಚ್ಚೆಂದರೆ ಒಬ್ಬರು ಎಂಬ ಮಾತು ತಲೆಬರಹಕ್ಕೆ ಹತ್ತುವಂಥದ್ದಲ್ಲ.

ಆಮೇಲಿನದು ಎಣಿಕೆಯ ಕಾಲ. 2012ರಲ್ಲಿ ಜೀನುಗಳ ಪ್ರೋಟೀನ್ ಭಾಗವನ್ನೆಲ್ಲ ಒಟ್ಟಿಗೆ ಓದುವ ಕ್ರಮದಿಂದ, ತಂದೆತಾಯಿ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಕಾಣುವ ಬದಲಾವಣೆಗಳು ಸಾಲುಸಾಲಾಗಿ ಸಿಕ್ಕವು. 2020ರಲ್ಲಿ 35,584 ಜನರ ಮಾದರಿಗಳಿಂದ 102 ಜೀನುಗಳ ಪಟ್ಟಿ ಬಂತು. ಅವುಗಳಲ್ಲಿ ಎಷ್ಟೋ ಸಿನಾಪ್ಸ್‌ಗೆ ಸೇರಿದವೇ ಅಲ್ಲ. ಸಿಎಚ್‌ಡಿ8 ಎಂಬುದು ಬೇರೆ ಜೀನುಗಳು ಯಾವಾಗ ತೆರೆದುಕೊಳ್ಳಬೇಕು, ಯಾವಾಗ ಮುಚ್ಚಿಕೊಳ್ಳಬೇಕು ಎಂದು ನೋಡಿಕೊಳ್ಳುವಂಥದ್ದು. ಗುಂಡಿ-ಕಾಜಾದ ಕಥೆ ಸುಳ್ಳಾಗಲಿಲ್ಲ, ಅದೊಂದರಿಂದ ಅಂಗಿ ಆಗುವುದಿಲ್ಲ ಎಂದು ಗೊತ್ತಾಯಿತು. ಇಂಥ ಹಲವು ಜೀನುಗಳು ಒಟ್ಟಿಗೆ ಚುರುಕಾಗುವುದು ಗರ್ಭದ ನಡುವಿನ ತಿಂಗಳುಗಳಲ್ಲಿ, ಮೆದುಳಿನ ಹೊರಪದರ ರೂಪುಗೊಳ್ಳುವಾಗ ಎಂದು 2013ರ ಎರಡು ಅಧ್ಯಯನಗಳು ತೋರಿಸಿದ್ದವು. ಆಟಿಸಂಗೆ ಲಸಿಕೆ ಕಾರಣ ಎಂಬ ಗುಮಾನಿ ಹುಟ್ಟಿಸಿದ 1998ರ ಪ್ರಬಂಧವನ್ನು ವೈದ್ಯಪತ್ರಿಕೆ ಹಿಂತೆಗೆದುಕೊಂಡದ್ದು 2010ರಲ್ಲಿ. ಅದರಲ್ಲಿದ್ದದ್ದು 12 ಮಕ್ಕಳು. ಅದಕ್ಕೆ ಇನ್ನೂ ಜಾಗ ಕೊಡಬೇಕಿಲ್ಲ.

ಇಷ್ಟಾದರೂ ಪಟ್ಟಿಯಲ್ಲಿರುವವು ಅಪರೂಪದ, ದೊಡ್ಡ ಪೆಟ್ಟಿನ ಬದಲಾವಣೆಗಳು ಮಾತ್ರ. ಆನುವಂಶಿಕ ಪಾಲಿನ ಬಹುಭಾಗ ಎಲ್ಲರಲ್ಲೂ ಚೂರುಪಾರು ಇರುವ ಸಾಮಾನ್ಯ ಬದಲಾವಣೆಗಳಿಂದ ಬರುತ್ತದೆ ಎಂದು 2014ರಲ್ಲಿ ಸ್ವೀಡನ್ನಿನ ದಾಖಲೆಗಳು ಹೇಳಿದವು. ಒಂದೊಂದಾಗಿ ನೋಡಿದರೆ ಅವು ಲೆಕ್ಕಕ್ಕಿಲ್ಲ, ಹನಿಗೂಡಿದರೆ ಹಳ್ಳ.

ಚಿಕಿತ್ಸೆಯ ಆಸೆಯೂ ಇದರ ಜೊತೆಜೊತೆಗೇ ಬೆಳೆಯಿತು. ಶ್ಯಾಂಕ್3 ಇಲ್ಲದ ಇಲಿಗಳು ಗಾಯವಾಗುವಷ್ಟು ಮೈ ಕೆರೆದುಕೊಳ್ಳುತ್ತವೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡವೊಂದು 2016ರಲ್ಲಿ ಬೆಳೆದ ಇಲಿಗಳಲ್ಲಿ ಆ ಜೀನನ್ನು ಮತ್ತೆ ಕೆಲಸಕ್ಕೆ ಹಚ್ಚಿತು. ಕೆರೆತ ತಗ್ಗಿತು, ಬೇರೆ ಇಲಿಗಳ ಜೊತೆ ಬೆರೆಯುವುದು ಹೆಚ್ಚಿತು. ಆತಂಕವೂ ಮೈಯ ಹಿಡಿತ ತಪ್ಪುವುದೂ ಹಾಗೇ ಉಳಿದವು. ಮೆದುಳಿನಲ್ಲಿ ಕೆಲವು ಬಾಗಿಲು ಬೇಗ ಮುಚ್ಚುತ್ತವೆ, ಕೆಲವು ತೆರೆದೇ ಇರುತ್ತವೆ. ಇಲಿಯ ಕೆರೆತಕ್ಕೂ ಮನುಷ್ಯನ ಆಟಿಸಂಗೂ ನಡುವಿನ ದಾರಿ ಎಷ್ಟು ಉದ್ದವೆಂದು ಪ್ರಕಟಣೆಗಳು ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿ ಹೇಳುತ್ತವೆ.

ಯಾರ ಡಿಎನ್‌ಎಯನ್ನು ಇಷ್ಟು ವರ್ಷ ಓದಲಾಗುತ್ತಿತ್ತೋ ಅವರ ದನಿ ಜೋರಾಗಿ ಕೇಳಿಸಿದ್ದು ತೀರಾ ಈಚೆಗೆ. 2021ರಲ್ಲಿ ಬ್ರಿಟನ್ನಿನಲ್ಲಿ 10,000 ಆಟಿಸ್ಟಿಕ್ ಜನರ ಡಿಎನ್‌ಎ ಕಲೆಹಾಕುವ ಯೋಜನೆ ಶುರುವಾಗಿ, ಆಟಿಸ್ಟಿಕ್ ಜನರ ವಿರೋಧದಿಂದ ಕೆಲವೇ ವಾರಗಳಲ್ಲಿ ನಿಂತಿತು. ಮಾದರಿಗಳು ಯಾರ ಕೈಸೇರುತ್ತವೆ, ಮುಂದೊಮ್ಮೆ ಹುಟ್ಟುವ ಮುನ್ನವೇ ಸೋಸಿ ತೆಗೆಯಲು ಬಳಕೆಯಾದರೆ ಏನು ಗತಿ ಎಂದು ಅವರು ಕೇಳಿದ್ದರು. ಉದ್ದೇಶ ಅದಲ್ಲ ಎಂಬ ಉತ್ತರ ಬಂತು. ಪ್ರಶ್ನೆಯನ್ನು ಮೊದಲೇ ಅವರೊಂದಿಗೆ ಕೂತು ಚರ್ಚಿಸಬಹುದಿತ್ತು.

2023ರಲ್ಲಿ ಬೂರ್ಜರೋನ್ ತಂಡ ಹಳೆಯ ಪ್ರಶ್ನೆಯನ್ನು ತಿರುವಿಹಾಕಿತು: ಈ ಜೀನುಗಳಲ್ಲಿ ದೋಷವಿದ್ದೂ ಆಟಿಸಂ ಎಂದು ಗುರುತಿಸಲ್ಪಡದವರು ಹೇಗಿದ್ದಾರೆ? 13,000ಕ್ಕೂ ಹೆಚ್ಚು ಆಟಿಸ್ಟಿಕ್ ಜನರ ಜೊತೆಗೆ 2,10,000 ಇತರರ ದತ್ತಾಂಶ ನೋಡಿದರು. ಅಂಥವರು ಇದ್ದರು. ಸರಾಸರಿಯಲ್ಲಿ ಓದು, ಆದಾಯ ತುಸು ಕಡಿಮೆ. 21,040 ಜನರ ಮೆದುಳಿನ ಚಿತ್ರಗಳಲ್ಲಿ ಮಾತ್ರ, ದೋಷ ಹೊತ್ತವರಿಗೂ ಹೊರದವರಿಗೂ ಒಟ್ಟಾರೆ ರಚನೆಯಲ್ಲಿ ಎದ್ದುಕಾಣುವ ವ್ಯತ್ಯಾಸ ಸಿಗಲಿಲ್ಲ. ತಲೆಬರಹವಾಗಬೇಕಿದ್ದ ಸುದ್ದಿ ಇದು.

ಮತ್ತೆ ವರದಿಯ ವಿಷಯಕ್ಕೆ. ಅನಿಶ್ಚಿತ ಎಂದು ಬರೆದದ್ದನ್ನು ಕೆಲವು ವರ್ಷ ಬಿಟ್ಟು ಮತ್ತೆ ಓದಿಸಬಹುದು. ಹೊಸ ದಾಖಲೆಗಳು ಕೂಡಿಕೊಂಡಂತೆ ಕೆಲವು ಬದಲಾವಣೆಗಳು ನಿರುಪದ್ರವಿ ಎಂದಾಗುತ್ತವೆ, ಕೆಲವು ಕಾರಣ ಎಂದಾಗುತ್ತವೆ. ತಂದೆತಾಯಿಯ ರಕ್ತವನ್ನೂ ಪರೀಕ್ಷಿಸುವುದು ಇದಕ್ಕೇ. ಬದಲಾವಣೆ ಮಗುವಿನಲ್ಲಿ ಮಾತ್ರ ಹೊಸದಾಗಿ ಕಂಡರೆ ಅದಕ್ಕೆ ತೂಕ ಹೆಚ್ಚು, ಆರಾಮಾಗಿರುವ ತಾಯಿಯಲ್ಲೋ ತಂದೆಯಲ್ಲೋ ಅದೇ ಕಂಡರೆ ತೂಕ ಕಡಿಮೆ. ಈ ನಿಯಮವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2003ರ ಆ ಸ್ವೀಡಿಷ್ ತಾಯಿಯ ಎರಡು ಎಕ್ಸ್‌ಗಳಲ್ಲಿ ಒಂದರ ಮೇಲೆ ಅದೇ ಅಕ್ಷರ ಹೆಚ್ಚಿಗೆ ಇತ್ತು.