ಬ್ಲ್ಯಾಕ್ ಸಬತ್ ಮರಳಿ ಬಂತು, ಡ್ರಮ್ಮರ್ ಬರಲಿಲ್ಲ

ಹೆವಿ ಮೆಟಲ್ ರಾಕ್ ಬ್ಯಾಂಡ್ ಬ್ಲ್ಯಾಕ್ ಸಬತ್ ಅಭಿಮಾನಿಗಳ ಒಂದು ಜಗಳ ಇನ್ನೂ ಮುಗಿದಿಲ್ಲ. 2013ರ '13' ಆಲ್ಬಂ ಇಡೀ ಬ್ಯಾಂಡಿನದ್ದಾ, ಮುಕ್ಕಾಲು ಬ್ಯಾಂಡಿನದ್ದಾ?

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ನಾಲ್ವರು ಹುಡುಗರು ಕಟ್ಟಿದ ತಂಡ ಇದು. ಹಾಡಲು ಓಜಿ ಆಸ್ಬೋರ್ನ್, ಗಿಟಾರಿಗೆ ಟೋನಿ ಐಯೋಮಿ, ಬೇಸ್‌ಗೆ ಗೀಜರ್ ಬಟ್ಲರ್, ಡ್ರಮ್ಸ್‌ಗೆ ಬಿಲ್ ವಾರ್ಡ್. ಮೊದಲ ಆಲ್ಬಂ 1970ರಲ್ಲಿ. ನಾಲ್ವರೂ ಸೇರಿ ಸ್ಟುಡಿಯೋದಲ್ಲಿ ಮಾಡಿದ ಕೊನೆಯ ಆಲ್ಬಂ 1978ರಲ್ಲಿ. ಮರುವರ್ಷವೇ ಓಜಿಯನ್ನು ಹೊರಹಾಕಿದರು. ಆಮೇಲೆ ಮೂವತ್ತು ವರ್ಷ ಗಾಯಕರು ಬಂದರು, ಹೋದರು. ಬ್ಯಾಂಡಿನ ಹೆಸರು ಯಾರದ್ದು ಅಂತ ಕೋರ್ಟಿಗೂ ಹೋದರು. 2001ರಲ್ಲಿ ನಾಲ್ವರೂ ಮತ್ತೆ ಸೇರಿ ಹೊಸ ಆಲ್ಬಂಗೆ ಕೈಹಾಕಿದರು, ಅದೂ ಅರ್ಧಕ್ಕೇ ನಿಂತಿತು.

ಗೋಜಲು ಶುರುವಾಗಿದ್ದು 2011ರ ನವೆಂಬರ್ 11ರಿಂದ. ಅವತ್ತು ಲಾಸ್ ಏಂಜಲೀಸ್‌ನ 'ವಿಸ್ಕಿ ಎ ಗೋ ಗೋ' ಕ್ಲಬ್ಬಿನಲ್ಲಿ ನಾಲ್ವರೂ ಪತ್ರಕರ್ತರ ಮುಂದೆ ಕೂತರು. ಹೊಸ ಆಲ್ಬಂ ಬರುತ್ತೆ, ರಿಕ್ ರೂಬಿನ್ ನಿರ್ಮಾಪಕ ಎಂದರು. ಎರಡು ತಿಂಗಳೊಳಗೆ ಐಯೋಮಿಗೆ ಲಿಂಫೋಮಾ ಕ್ಯಾನ್ಸರ್ ಇರುವುದು ಗೊತ್ತಾಯಿತು. ಫೆಬ್ರವರಿಯಲ್ಲಿ ವಾರ್ಡ್ ಬಹಿರಂಗವಾಗಿಯೇ ಬರೆದರು: ಸಹಿ ಹಾಕುವಂಥ ಕರಾರು ಕೊಡಿ, ಇಲ್ಲದಿದ್ದರೆ ನಾನು ಬರಲ್ಲ. ಬಾಗಿಲು ತೆರೆದೇ ಇದೆ, ಆದರೆ ಕೆಲಸ ನಿಲ್ಲಿಸೋಕಾಗಲ್ಲ ಅಂತ ಉಳಿದವರು ಹೇಳಿದರು. ಕೀಮೋ ಮಧ್ಯೆ ಗಿಟಾರ್ ಹಿಡಿದವರಿಗೆ ಕಾಯುವಷ್ಟು ಪುರುಸೊತ್ತು ಎಲ್ಲಿಯದು? ಹಾಗಂತ ತಂಡ ಕಟ್ಟಿದವರೇ ಸರಿಯಾದ ಕರಾರು ಕೇಳಿದರೆ ತಪ್ಪಾ? ಮುಂದೆ ವಾರ್ಡ್ ಆರೋಗ್ಯದ ಮಾತೂ ಎದ್ದಿತು. ಅದು ಸುಮ್ನೆ ಗಾಯಕ್ಕೆ ಉಪ್ಪು ಸವರಿದಂತಾಯಿತು.

ಡ್ರಮ್ಸ್ ಮುಂದೆ ಕೂತದ್ದು ರೇಜ್ ಅಗೇನ್ಸ್ಟ್ ದ ಮಷೀನ್ ತಂಡದ ಬ್ರಾಡ್ ವಿಲ್ಕ್. ನಿಮ್ಮ ಮೊದಲ ಆಲ್ಬಂ ಕೇಳಿ, ಆ ಗುಂಗಿಗೆ ಮರಳಿ ಅಂತ ರೂಬಿನ್ ಎಲ್ಲರಿಗೂ ಹೇಳಿದ್ದರು. ಐಯೋಮಿಯ ರಿಫ್‌ಗಳು (ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳು) ನಿಜಕ್ಕೂ ಮರಳಿವೆ. ವಿಲ್ಕ್ ನುಡಿಸಿದ್ದರಲ್ಲೂ ಎಲ್ಲೂ ತಾಳ ತಪ್ಪಿಲ್ಲ. ಆದರೆ ವಾರ್ಡ್ ಜಾಜ್ ಕೇಳಿ ಬೆಳೆದವರು. ಭಾರೀ ರಿಫ್‌ನ ಕೆಳಗೂ ಅವರ ಡ್ರಮ್ಸ್ ತೂಗಾಡುತ್ತದೆ, ಒಮ್ಮೆ ಹಿಂದೆ ಉಳಿಯುತ್ತದೆ, ಒಮ್ಮೆ ಮುಂದೆ ನುಗ್ಗುತ್ತದೆ. 1970ರ ಆಲ್ಬಂ ಕೇಳಿ ತಕ್ಷಣ '13' ಹಾಕಿದರೆ, ಆ ತೂಗಾಟ ಇಲ್ಲದಿರುವುದು ಮೊದಲ ಹಾಡಿನಲ್ಲೇ ಗೊತ್ತಾಗುತ್ತದೆ.

ಮಾರುಕಟ್ಟೆಗೆ ಇದೆಲ್ಲ ಬೇಕಿರಲಿಲ್ಲ. ಬ್ರಿಟನ್ನಿನಲ್ಲಿ 43 ವರ್ಷಗಳ ನಂತರ ನಂಬರ್ ಒನ್, ಅಮೆರಿಕದಲ್ಲಿ ಮೊಟ್ಟಮೊದಲ ಸಲ ನಂಬರ್ ಒನ್. ಒಂದು ಹಾಡಿಗೆ ಗ್ರ್ಯಾಮಿಯೂ ಬಂತು. 2017ರ ವಿದಾಯದ ಕಛೇರಿಯೂ ವಾರ್ಡ್ ಇಲ್ಲದೇ ನಡೆಯಿತು.

ಕೊನೆಗೆ 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ನಾಲ್ವರೂ ಒಟ್ಟಿಗೆ ನುಡಿಸಿದರು. ಓಜಿ ಜುಲೈ 22ರಂದು ತೀರಿಕೊಂಡರು. ವಿಲ್ಲಾ ಪಾರ್ಕ್‌ನಲ್ಲಿ ನುಡಿಸಿದ್ದು ನಾಲ್ಕೇ ಹಾಡು, ನಾಲ್ಕೂ 1970ರವು. '13'ರಿಂದ ಒಂದನ್ನೂ ಆರಿಸಿಕೊಂಡಿರಲಿಲ್ಲ.