ಬಾಗಿಲು ತೆರೆಯದ ಸೋಮವಾರ: ಸೇಂಟ್ ಜಾನ್ಸ್ 1894, ನನ್ನ ನೋಟ್ಸು

1894ರಲ್ಲಿ ಸೇಂಟ್ ಜಾನ್ಸಲ್ಲಿ ಬ್ಯಾಂಕುಗಳು ಮುಳುಗಿದ್ದರ ಮೇಲೆ ನಾಳಿದ್ದು ಕ್ಲಾಸಲ್ಲಿ ನಾನೇ ಮಾತಾಡ್ಬೇಕು, ಅದಕ್ಕೆ ತಲೇಲಿ ಬಿಸಿ ಇರೋವಾಗ್ಲೇ ಬರೆದಿಟ್ಕೋತಿದೀನಿ, ನಿಮಗೂ ಉಪಯೋಗ ಆದ್ರೆ ಆಗ್ಲಿ. ಮೂರು ದಿನ ಒಂದೇ ಪ್ಯಾರಾ ಮುಂದೆ ಕೂತಿದ್ದೆ. ಲಂಡನ್ನಲ್ಲಿ ಯಾರೋ ಒಬ್ಬ ವ್ಯಾಪಾರಿ ಸತ್ತ, ಕೆಲವೇ ದಿನದಲ್ಲಿ ಅಟ್ಲಾಂಟಿಕ್ ಆಚೆ ದಡದ ಈ ಊರಲ್ಲಿ ಬ್ಯಾಂಕ್ ಮುಚ್ತು. ಅವನೇನು ಆ ಬ್ಯಾಂಕಿನ ಮಾಲೀಕನೂ ಅಲ್ಲ. ಹಾಗಾದ್ರೆ ಹೇಗೆ? ಪುಸ್ತಕದಲ್ಲಿ ಇದನ್ನ ಒಂದೂವರೆ ಸಾಲಲ್ಲಿ ಮುಗಿಸ್ತಾರೆ, ನನಗೆ ಮಾತ್ರ ಮೂರು ದಿನ ಹಿಡೀತು.

ಮೊದ್ಲು ಊರು. ನ್ಯೂಫೌಂಡ್‌ಲ್ಯಾಂಡ್ ಈಗ ಕೆನಡಾದ ಭಾಗ, ಆದ್ರೆ ಸೇರಿದ್ದು 1949ರಲ್ಲಿ. 1894ರಲ್ಲಿ ಅದು ತನ್ನದೇ ಸರ್ಕಾರ ಇದ್ದ ಬ್ರಿಟಿಷ್ ವಸಾಹತು. ಇಡೀ ವಸಾಹತಿಗೆ ಸುಮಾರು 2 ಲಕ್ಷ ಜನ, ರಾಜಧಾನಿ ಸೇಂಟ್ ಜಾನ್ಸಲ್ಲಿ 30 ಸಾವಿರದೊಳಗೆ, ಅಂದ್ರೆ ಈಗಿನ ನಮ್ಮ ಒಂದು ಸಣ್ಣ ತಾಲೂಕು ಕೇಂದ್ರ ಅನ್ಕೊಳ್ಳಿ. ಅಲ್ಲಿ ನೋಟು ಅಚ್ಚು ಹಾಕ್ತಿದ್ದ ಬ್ಯಾಂಕು ಎರಡು: 1854ರ ಯೂನಿಯನ್ ಬ್ಯಾಂಕ್, 1857ರ ಕಮರ್ಷಿಯಲ್ ಬ್ಯಾಂಕ್. ಇವುಗಳ ಜೊತೆಗೆ ಸರ್ಕಾರದ ಸೇವಿಂಗ್ಸ್ ಬ್ಯಾಂಕ್ ಇತ್ತು, ಅದು ಜನರ ಉಳಿತಾಯಕ್ಕೆ. ಕೇಂದ್ರ ಬ್ಯಾಂಕ್, ಆರ್‌ಬಿಐ ತರದ್ದು, ಇಲ್ವೇ ಇಲ್ಲ. ಜೇಬಲ್ಲಿರೋ ನೋಟು ಅಂದ್ರೆ ಈ ಎರಡು ಖಾಸಗಿ ಬ್ಯಾಂಕಿನ ಮಾತು ಅಷ್ಟೆ.

ಊರು ಬದುಕ್ತಿದ್ದದ್ದು ಮೀನಿಂದ. ಕಾಡ್ ಅನ್ನೋ ಮೀನನ್ನ ಉಪ್ಪು ಹಾಕಿ ಒಣಗಿಸಿ ಸ್ಪೇನು, ಪೋರ್ಚುಗಲ್ಲು, ಬ್ರೆಜಿಲ್ಲು, ವೆಸ್ಟ್ ಇಂಡೀಸಿಗೆ ಕಳಿಸೋದು. ಮಲ್ಪೆ ಕಡೆಯವರಿಗೆ ಒಣಮೀನು ಅಂದ್ರೆ ವಿವರಿಸೋದು ಬೇಡ. ವ್ಯವಹಾರದ ರೀತಿ ಮಾತ್ರ ನಮ್ಮ ಅಡಿಕೆ ಮಂಡಿ ಇದ್ದ ಹಾಗೇ. ವಸಂತದಲ್ಲಿ ಸಾಹುಕಾರ ಮೀನುಗಾರನಿಗೆ ಹಿಟ್ಟು, ಕಾಕಂಬಿ, ಚಹಾ, ಉಪ್ಪು, ಹಗ್ಗ ಎಲ್ಲಾ ಸಾಲಕ್ಕೆ ಕೊಡ್ತಾನೆ, ಶರತ್ಕಾಲದಲ್ಲಿ ಮೀನು ತಂದು ಹಾಕಿದ್ರೆ ಲೆಕ್ಕಕ್ಕೆ ವಜಾ. ಬೆಲೆ ಕಟ್ಟೋನೂ ಅವನೇ, ಬುಕ್ಕಲ್ಲಿ ಬರೆಯೋನೂ ಅವನೇ. ಎಷ್ಟೋ ಮೀನುಗಾರರು ವರ್ಷಗಟ್ಲೆ ಕೈಯಲ್ಲಿ ರೊಕ್ಕ ನೋಡ್ತಾನೇ ಇರ್ಲಿಲ್ಲ. ಇದಕ್ಕೆ ಟ್ರಕ್ ಸಿಸ್ಟಮ್ ಅಂತಾರೆ, ಲಾರಿಗೂ ಇದಕ್ಕೂ ಸಂಬಂಧ ಇಲ್ಲ (ನಾನು ಮೊದಲ ಸಲ ಲಾರೀನೇ ಅನ್ಕೊಂಡಿದ್ದೆ, ನಗಬೇಡಿ).

ಈಗ ನಾನು ಸಿಕ್ಕಾಕೊಂಡ ಜಾಗ, ಹುಂಡಿ. ಪುಸ್ತಕದಲ್ಲಿ ಇದಕ್ಕೆ ಬಿಲ್ ಆಫ್ ಎಕ್ಸ್‌ಚೇಂಜ್ ಅಂತಾರೆ, ಓದ್ತಾ ಓದ್ತಾ ಅದನ್ನ ಚೆಕ್ ತರ ಅನ್ಕೊಂಡುಬಿಟ್ಟಿದ್ದೆ, ಅಲ್ಲೇ ಎಡವಟ್ಟಾಗಿದ್ದು. ಚೆಕ್ ಅಂದ್ರೆ ನನ್ನ ದುಡ್ಡು ಬ್ಯಾಂಕಲ್ಲಿ ಆಗಲೇ ಇದೆ, ಕೊಡು ಅಂತ ಚೀಟಿ ಬರೀತೀನಿ. ಹುಂಡಿ ಹಾಗಲ್ಲ. ದೇವಸ್ಥಾನದ ಹುಂಡಿ ಅಲ್ಲ ಮಾರಾಯ್ರೆ, ಸಾಹುಕಾರರ ಹುಂಡಿ. ಅದರಲ್ಲೂ ದರ್ಶನಿ ಅಲ್ಲ, ಮುದ್ದತಿ ಹುಂಡಿ. ದರ್ಶನಿ ಆದ್ರೆ ತೋರಿಸಿದ ಕೂಡ್ಲೇ ದುಡ್ಡು, ಮುದ್ದತಿ ಆದ್ರೆ ಇಷ್ಟು ದಿನ ಕಳೆದ ಮೇಲೆ.

ಒಂದು ಹುಂಡಿಯ ಹಿಂದೆ ಹೋಗೋಣ, ನಾನು ಪೆನ್ಸಿಲ್ ಹಿಡ್ಕೊಂಡು ಹಾಗೇ ಮಾಡಿದ್ದು (ಮೊತ್ತ ನಾನೇ ಹಾಕ್ಕೊಂಡಿದ್ದು). ಸೇಂಟ್ ಜಾನ್ಸಿನ ಸಾಹುಕಾರ ಹಡಗು ತುಂಬಾ ಮೀನು ಬ್ರೆಜಿಲ್ಲಿಗೆ ಕಳಿಸ್ದ. ಅದು ಮುಟ್ಟಿ, ಮಾರಾಟ ಆಗಿ, ದುಡ್ಡು ಬರೋಕೆ ತಿಂಗಳುಗಟ್ಲೆ ಬೇಕು, ಆದ್ರೆ ಅವನಿಗೆ ದುಡ್ಡು ಈಗ್ಲೇ ಬೇಕು. ಅವನಿಗೆ ಲಂಡನ್ನಲ್ಲಿ ಒಂದು ಏಜೆಂಟ್ ಕಂಪನಿ ಇದೆ. ಆ ಕಂಪನಿ ಹೆಸರಿಗೆ ಒಂದು ಕಾಗದ ಬರೀತಾನೆ, ಇದನ್ನ ತಂದವರಿಗೆ 90 ದಿನ ಆದ್ಮೇಲೆ 1000 ಪೌಂಡ್ ಕೊಡಿ ಅಂತ. ಆ ಕಾಗದನ ಇಲ್ಲೇ ಕಮರ್ಷಿಯಲ್ ಬ್ಯಾಂಕಿಗೆ ಸ್ವಲ್ಪ ಕಡಿಮೆಗೆ ಮಾರಿಬಿಡ್ತಾನೆ, ಅವತ್ತೇ ದುಡ್ಡು ಸಿಕ್ತು. ಬ್ಯಾಂಕು ಅದನ್ನ ಲಂಡನ್ನಿಗೆ ಕಳಿಸುತ್ತೆ. ಅಲ್ಲಿ ಏಜೆಂಟ್ ಕಂಪನಿ ಕಾಗದದ ಮೇಲೆ ಒಪ್ಪಿದೆ ಅಂತ ಬರೆದು ಸಹಿ ಹಾಕಬೇಕು.

ಇಲ್ಲಿ ನಿಲ್ಲಿ. ಆ ಸಹಿ ಬೀಳೋವರೆಗೆ ಆ ಕಾಗದ ಬರೀ ಸಾಹುಕಾರನ ಆಸೆ. ಸಹಿ ಬಿದ್ದ ಕ್ಷಣ ಅದು ಲಂಡನ್ ಕಂಪನಿಯ ಸಾಲ ಆಗುತ್ತೆ, ಅದನ್ನ ಲಂಡನ್ ಪೇಟೇಲಿ ಯಾರು ಬೇಕಾದ್ರೂ ಕೊಂಡ್ಕೋತಾರೆ. ಬೆಲೆ ಇರೋದೆಲ್ಲ ಆ ಒಂದು ಸಹಿಯಲ್ಲಿ, ಮೀನಲ್ಲಿ ಅಲ್ಲ. ನಾನು ಮೂರು ದಿನ ಮೀನಿನ ಹಿಂದೆ ಓಡಾಡ್ತಿದ್ದೆ!

ಇನ್ನೊಂದು ಕಡೆ ನೋಡಿ. ಊರಿಗೆ ಹಿಟ್ಟು, ಬಟ್ಟೆ ಎಲ್ಲಾ ಹೊರಗಿಂದ ಬರಬೇಕು, ಅದಕ್ಕೆ ಪೌಂಡ್ ಕಟ್ಟಬೇಕು. ಆಮದು ಮಾಡೋರು ಕಮರ್ಷಿಯಲ್ ಬ್ಯಾಂಕಿಂದ ಲಂಡನ್ ಮೇಲೆ ಡ್ರಾಫ್ಟ್ ತಗೋತಾರೆ. ಆ ಡ್ರಾಫ್ಟಿಗೆ ಲಂಡನ್ನಲ್ಲಿ ಇವರ ಪರವಾಗಿ ದುಡ್ಡು ಕೊಡೋದು ಲಂಡನ್ ಅಂಡ್ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕ್. ಅದಕ್ಕೆ ದುಡ್ಡು ತುಂಬೋದು ಯಾವುದರಿಂದ? ಮೇಲೆ ಹೇಳಿದ ಹುಂಡಿಗಳಿಂದ. ಒಂದು ಕೊಳಾಯಲ್ಲಿ ನೀರು ಬರ್ತಾ ಇದೆ, ಇನ್ನೊಂದ್ರಲ್ಲಿ ಹೋಗ್ತಾ ಇದೆ, ನಡುವೆ ಟ್ಯಾಂಕೇ ಇಲ್ಲ ಅನ್ನೋ ಪರಿಸ್ಥಿತಿ.

ಈಗ ಆ ಸಾವು. ಪ್ರೌಸ್, ಹಾಲ್ ಅಂಡ್ ಮಾರಿಸ್ ಅಂತ ಲಂಡನ್ ಕಂಪನಿ, ನ್ಯೂಫೌಂಡ್‌ಲ್ಯಾಂಡ್ ಮೀನು ವ್ಯಾಪಾರಿಗಳ ಹುಂಡಿಗೆ ಸಹಿ ಹಾಕ್ತಿದ್ದ ಏಜೆಂಟು. ಅದರ ಒಬ್ಬ ಪಾಲುದಾರ ಸತ್ತ. ಅವನ ಆಸ್ತಿ ನೋಡ್ಕೊಳ್ಳೋರು, ಲೆಕ್ಕ ಪೂರ್ತಿ ನೋಡೋವರೆಗೂ ಹೊಸ ಹುಂಡಿಗೆ ಸಹಿ ಹಾಕಲ್ಲ ಅಂದ್ರು. ಅವರ ದೃಷ್ಟೀಲಿ ನೋಡಿದ್ರೆ ಸರೀನೇ ಅಲ್ವಾ, ಮನೆ ಹಿರಿಯ ಹೋದ್ಮೇಲೆ ಸಾಲ ಎಷ್ಟಿದೆ ಅಂತ ನೋಡದೆ ಯಾರು ಹೊಸ ಜಾಮೀನಿಗೆ ನಿಲ್ತಾರೆ? ಆದ್ರೆ ಬರೋ ಕೊಳಾಯಿ ಬಂದ್ ಆಯ್ತು. ಲಂಡನ್ ಬ್ಯಾಂಕು ಕಮರ್ಷಿಯಲ್ ಬ್ಯಾಂಕಿನ ಡ್ರಾಫ್ಟ್ ವಾಪಸ್ ಕಳಿಸ್ತು, ಬಾಕಿ ಕಟ್ಟಿ ಅಂತು. ಕಮರ್ಷಿಯಲ್ ಬ್ಯಾಂಕು ತನ್ನ ಸಾಲಗಾರ ಸಾಹುಕಾರರ ಕಡೆ ತಿರುಗ್ತು. ಅವರ ದುಡ್ಡು ಎಲ್ಲಿದೆ? ಅರ್ಧ ಸಮುದ್ರದ ಮೇಲಿರೋ ಮೀನಲ್ಲಿ, ಅರ್ಧ ಮೀನುಗಾರರ ಬಾಕಿ ಬುಕ್ಕಲ್ಲಿ. ಡಿಸೆಂಬರಲ್ಲಿ ಅದನ್ನ ಯಾರು ವಸೂಲಿ ಮಾಡೋಕಾಗುತ್ತೆ?

ಮತ್ತೆ ಆ ಸಾಹುಕಾರರು ಯಾರು ಅಂತೀರಾ? ಬ್ಯಾಂಕಿನ ಡೈರೆಕ್ಟರುಗಳೇ! ತಾವೇ ಕೂತು ತಮಗೇ ದೊಡ್ಡ ದೊಡ್ಡ ಓವರ್‌ಡ್ರಾಫ್ಟ್ (ಖಾತೇಲಿ ಇರೋದಕ್ಕಿಂತ ಜಾಸ್ತಿ ತೆಗೆಯೋ ಸಾಲ) ಮಂಜೂರು ಮಾಡ್ಕೊಂಡಿದ್ರು. ಬ್ಯಾಂಕು ಸಾಲಗಾರನ ಬಾಗಿಲು ತಟ್ಟೋಕೆ ಹೋದ್ರೆ ತನ್ನದೇ ಬೋರ್ಡ್ ರೂಮಿನ ಬಾಗಿಲು ಸಿಗುತ್ತೆ. ನನ್ನ ಪ್ರಕಾರ ನಿಜವಾದ ಕಾರಣ ಇದು, ಲಂಡನ್ ಸಾವು ಬರೀ ಕಿಡಿ.

1894 ಡಿಸೆಂಬರ್ 10, ಸೋಮವಾರ. ಕಮರ್ಷಿಯಲ್ ಬ್ಯಾಂಕ್ ಬಾಗಿಲು ತೆರೀಲಿಲ್ಲ. ಜನ ಯೂನಿಯನ್ ಬ್ಯಾಂಕಿಗೂ ಸೇವಿಂಗ್ಸ್ ಬ್ಯಾಂಕಿಗೂ ಓಡಿದ್ರು, ಅದೇ ದಿನ ಯೂನಿಯನ್ನೂ ಮುಚ್ತು. ಬ್ಲ್ಯಾಕ್ ಮಂಡೆ ಅಂತ ಇವತ್ತಿಗೂ ಕರೀತಾರೆ. ಕ್ರಮ ಗಮನಿಸಿ, ಪರೀಕ್ಷೇಲಿ ಎಲ್ಲರೂ ಜನ ಮುಗಿಬಿದ್ರು ಅದಕ್ಕೆ ಬ್ಯಾಂಕ್ ಮುಳುಗ್ತು ಅಂತ ಬರೀತಾರೆ. ಕಮರ್ಷಿಯಲ್ ವಿಷಯದಲ್ಲಿ ಅದು ತಪ್ಪು, ಜನ ಬರೋಕ್ಮುಂಚೇನೇ ಅದರ ಕತೆ ಮುಗಿದಿತ್ತು. ಯೂನಿಯನ್ ವಿಷಯದಲ್ಲಿ ಆ ಮಾತಿಗೆ ಸ್ವಲ್ಪ ಬಲ ಇದೆ.

ಹಿನ್ನೆಲೆ ಬೇಗ ಹೇಳ್ಬಿಡ್ತೀನಿ: ಮೀನಿನ ಬೆಲೆ ಬಿದ್ದಿತ್ತು, ನಾರ್ವೆ ಮತ್ತು ಫ್ರಾನ್ಸಿನ ಪೈಪೋಟಿ, 1881ರಿಂದ ಕಟ್ತಾ ಇದ್ದ ರೈಲ್ವೆಗೆ ಸರ್ಕಾರ ಸಾಲ ಮಾಡಿತ್ತು, 1892 ಜುಲೈ 8ರಂದು ಬೆಂಕಿ ಬಿದ್ದು ಊರಿನ ಬಹುಪಾಲು ಸುಟ್ಟುಹೋಗಿತ್ತು. ಇದೆಲ್ಲ ಬರೀರಿ, ಮಾರ್ಕ್ಸ್ ಬರುತ್ತೆ.

ನನ್ನ ಶಾರ್ಟ್‌ಕಟ್ ಒಂದಿದೆ, ಇದರಿಂದಲೇ ನನಗೆ ಬೆಳಕು ಬಿದ್ದಿದ್ದು. ಯಾವ ಕಾಗದ ಬಂದ್ರೂ ಎರಡೇ ಪ್ರಶ್ನೆ ಕೇಳಿ: ಇದು ಯಾರ ಸಾಲ, ಯಾರ ಕೈಲಿದೆ? ನೋಟು ಬ್ಯಾಂಕಿನ ಸಾಲ, ಜನರ ಕೈಲಿದೆ. ಠೇವಣಿ ಪಾಸ್‌ಬುಕ್ಕೂ ಬ್ಯಾಂಕಿನ ಸಾಲ, ಜನರ ಕೈಲಿದೆ. ಸಹಿ ಬಿದ್ದ ಹುಂಡಿ ಲಂಡನ್ ಕಂಪನಿಯ ಸಾಲ, ಬ್ಯಾಂಕಿನ ಕೈಲಿದೆ. ಓವರ್‌ಡ್ರಾಫ್ಟ್ ಸಾಹುಕಾರನ ಸಾಲ, ಬ್ಯಾಂಕಿನ ಕೈಲಿದೆ. ಬಾಕಿ ಬುಕ್ಕು ಮೀನುಗಾರನ ಸಾಲ, ಸಾಹುಕಾರನ ಕೈಲಿದೆ. ಇದನ್ನ ಒಂದರ ಕೆಳಗೊಂದು ಬರೆದ್ರೆ ಸರಪಳಿ ಕಾಣುತ್ತೆ: ಅಂಗಡಿಯವಳ ಜೇಬಿನ 5 ಡಾಲರ್ ನೋಟಿನ ಹಿಂದೆ ಬ್ಯಾಂಕು, ಬ್ಯಾಂಕಿನ ಹಿಂದೆ ಸಾಹುಕಾರ, ಅವನ ಹಿಂದೆ ಯಾವುದೋ ಕೊಲ್ಲಿಯ ದಡದಲ್ಲಿ ಮೀನು ಒಣಗಿಸ್ತಿರೋ ಸಂಸಾರ.

ಆಮೇಲೆ 80 ಮತ್ತು 20. ಸರ್ಕಾರ ಯೂನಿಯನ್ ನೋಟಿಗೆ ಡಾಲರಿಗೆ 80 ಸೆಂಟ್, ಕಮರ್ಷಿಯಲ್ ನೋಟಿಗೆ 20 ಸೆಂಟ್ ಖಾತ್ರಿ ಕೊಡ್ತು. ಇದು ಬ್ಯಾಂಕು ಕೊಟ್ಟ ದುಡ್ಡು ಅಂತ ನಾನು ಮೊದ್ಲು ಬರ್ಕೊಂಡಿದ್ದೆ, ಅಲ್ಲ, ಸರ್ಕಾರದ ಖಾತ್ರಿ. ಈ ದರ ನೋಟಿಗೆ, ಠೇವಣಿಗೆ ಅಲ್ಲ, ಎರಡನ್ನೂ ಬೆರೆಸಬೇಡಿ. (ನಮ್ಮಲ್ಲಿ ಠೇವಣಿ ವಿಮೆ ಬಂದಿದ್ದು 1962ರಲ್ಲಿ, 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ. ಈಗ ಒಂದು ಬ್ಯಾಂಕಲ್ಲಿ ಒಬ್ಬರಿಗೆ 5 ಲಕ್ಷದವರೆಗೆ. ಸೇಂಟ್ ಜಾನ್ಸಿನವರಿಗೆ ಅಂಥದ್ದೇನೂ ಇರ್ಲಿಲ್ಲ.)

ಮುಂದಿನದು ಚುಟುಕಾಗಿ. ವಸಾಹತಿನ ಪ್ರಧಾನಿ ಗುಡ್‌ರಿಜ್ ಸರ್ಕಾರ ಕೆಲವೇ ದಿನದಲ್ಲಿ ಬಿತ್ತು, ಡಿಸೆಂಬರ್ 13ಕ್ಕೆ ಆ ಜಾಗಕ್ಕೆ ಗ್ರೀನ್ ಬಂದ, 1895 ಫೆಬ್ರವರಿಲಿ ವೈಟ್‌ವೇ ವಾಪಸ್ ಬಂದ. ಎಷ್ಟೋ ವ್ಯಾಪಾರಿ ಮನೆತನಗಳು ಮುಳುಗಿದ್ವು, ಬೌರಿಂಗ್ ತರದವರು ಉಳ್ಕೊಂಡ್ರು. ಡೈರೆಕ್ಟರುಗಳನ್ನ ಅರೆಸ್ಟ್ ಮಾಡಿದ್ರು, ಶಿಕ್ಷೆ ಮಾತ್ರ ಯಾರಿಗೂ ಆಗ್ಲಿಲ್ಲ. ಕೆನಡಾ ಜೊತೆ ಸೇರೋಣ ಅಂತ 1895 ಏಪ್ರಿಲಲ್ಲಿ ಒಟ್ಟಾವಾಗೆ ಹೋಗಿ ಮಾತಾಡಿದ್ರು, ಸಾಲ ಯಾರು ಎಷ್ಟು ಹೊರಬೇಕು ಅನ್ನೋದ್ರಲ್ಲಿ ಮುರಿದುಬಿತ್ತು. ಆಮೇಲೆ ವೈಟ್‌ವೇ ಸರ್ಕಾರದ ಮಂತ್ರಿ ರಾಬರ್ಟ್ ಬಾಂಡ್ ಸೇವಿಂಗ್ಸ್ ಬ್ಯಾಂಕ್ ಉಳಿಸೋಕೆ ತನ್ನ ಸ್ವಂತ ಜವಾಬ್ದಾರಿ ಮೇಲೆ ಸಾಲ ಎತ್ತಿದ. ಇವನೊಬ್ಬನ ಮೇಲೆ ನನಗೆ ಗೌರವ ಬಂತು.

ಖಾಲಿ ಜಾಗಕ್ಕೆ ಕೆನಡಾದ ಬ್ಯಾಂಕುಗಳು ಬಂದ್ವು, ಡಿಸೆಂಬರ್ ಮುಗಿಯೋದ್ರೊಳಗೆ ಬ್ಯಾಂಕ್ ಆಫ್ ನೋವಾ ಸ್ಕೋಷಿಯಾ, ಅದರ ಹಿಂದೇನೇ ಬ್ಯಾಂಕ್ ಆಫ್ ಮಾಂಟ್ರಿಯಲ್. ಅವರ ಜೊತೆ ಅವರ ಡಾಲರೂ ಬಂತು. ಇಲ್ಲೊಂದು ಮಜಾ ಲೆಕ್ಕ ಇದೆ. ನ್ಯೂಫೌಂಡ್‌ಲ್ಯಾಂಡು 1865ರಿಂದ 1888ರವರೆಗೆ ಆಗಾಗ 2 ಡಾಲರಿನ ಚಿನ್ನದ ನಾಣ್ಯ ಹೊರಡಿಸ್ತಿತ್ತು, ಅದರ ಮೇಲೆ 2 ಡಾಲರ್ ಜೊತೆಗೆ 200 ಸೆಂಟ್, 100 ಪೆನ್ಸ್ ಅಂತಲೂ ಇರುತ್ತೆ. 2 ಡಾಲರಿಗೆ 100 ಪೆನ್ಸ್ ಅಂದ್ರೆ 1 ಡಾಲರಿಗೆ 50. ಪೌಂಡಿಗೆ 240 ಪೆನ್ಸ್, 240ನ್ನ 50ರಿಂದ ಭಾಗಿಸಿದ್ರೆ 4.80, ಅಂದ್ರೆ ಒಂದು ಪೌಂಡಿಗೆ 4 ಡಾಲರ್ 80 ಸೆಂಟ್. ಕೆನಡಾದಲ್ಲಿ ಅದೇ ಪೌಂಡಿಗೆ ಸುಮಾರು 4.87. ಹಾಗಾಗಿ ಹಳೇ ನ್ಯೂಫೌಂಡ್‌ಲ್ಯಾಂಡ್ ಡಾಲರು ಕೆನಡಾ ಡಾಲರಿಗಿಂತ ಒಂದೂಚಿಲ್ಲರೆ ಸೆಂಟು ಬೆಲೆ ಜಾಸ್ತಿ. ಬ್ಯಾಂಕ್ ಮುಳುಗಿದ ಮೇಲೆ ಅದನ್ನ ಬಿಟ್ಟು ಕೆನಡಾ ಮಟ್ಟಕ್ಕೇ ಇಳಿಸ್ಕೊಂಡ್ರು, ಅಂದ್ರೆ ಕೆನಡಾ ಸೇರೋಕೆ 54 ವರ್ಷ ಮುಂಚೇನೇ ಜೇಬು ಸೇರಿಬಿಟ್ಟಿತ್ತು.